ಅಕ್ಕಿಕೋಣೆಯ ಅಳತೆ

ಅಣ್ಣ ಹೇಳುತ್ತಿದ್ದ, ನಾನು ಟೈಪು ಮಾಡುತ್ತಿದ್ದೆ. ಬಾಂಡುಂಗಿನ ‘ಗ್ರಿಯಾ’ ಮಾಸಪತ್ರಿಕೆಯಲ್ಲಿ ಆರು ವರ್ಷ ಬಂದ ‘ಬೆಳಕಿನ ಮನೆ’ ಅಂಕಣ ತಯಾರಾಗುತ್ತಿದ್ದುದು ಹೀಗೆ. ಅವನಿಗೆ ಕೂತು ಹೇಳಲು ಬರುತ್ತಿರಲಿಲ್ಲ. ಅಳತೆಪಟ್ಟಿಯನ್ನು ಬಿಚ್ಚುತ್ತ ಸುತ್ತುತ್ತ ಈ ಗೋಡೆಯಿಂದ ಆ ಗೋಡೆಗೆ ನಡೆಯುತ್ತ ಹೇಳುತ್ತಿದ್ದ. ಓದುಗರ ಕಾಗದಗಳಿಗೆ ಉತ್ತರ ಬರೆಯುವುದೂ ನನ್ನ ಕೆಲಸವೇ. ಅಣ್ಣ ಸುಂಪೆನಾ ಆರ್ಕಿಟೆಕ್ಟ್, ಡಚ್ಚರು ಬಿಟ್ಟುಹೋದ ಕಾಲೇಜಿನಲ್ಲಿ ಓದಿದವನು. ನಾನು ಇಮಾಸ್, ಅವನು ಹಟ ಹಿಡಿದು ಓದಿಸಿದ ತಂಗಿ. ನಮ್ಮ ಕಡೆ ಅಣ್ಣನನ್ನು ಕಾಂಗ್ ಎಂದೂ, ತನಗಿಂತ ಚಿಕ್ಕವಳನ್ನು, ತಂಗಿಯಾಗಲಿ ಹೆಂಡತಿಯಾಗಲಿ, ನೆಂಗ್ ಎಂದೂ ಕರೆಯುತ್ತಾರೆ. ನಮ್ಮಿಬ್ಬರ ನಡುವೆ ಒಬ್ಬ ಅಕ್ಕ ಇದ್ದಳು, ವಿಯಾರ್ಸಿ. ಅವಳು ಈಗ ಇಲ್ಲ. ಅದರಲ್ಲಿ ಅಣ್ಣನ ತಪ್ಪೆಷ್ಟು, ನನ್ನ ತಪ್ಪೆಷ್ಟು ಎಂದು ಇಪ್ಪತ್ತು ವರ್ಷದಿಂದ ನನ್ನೊಳಗೇ ನ್ಯಾಯ ನಡೆಯುತ್ತಿದೆ, ಇನ್ನೂ ತೀರ್ಮಾನವಾಗಿಲ್ಲ.

ಅಣ್ಣ ಬರೆದದ್ದೆಲ್ಲ ಸುಳ್ಳಾಗಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. ನಮ್ಮ ಹಳ್ಳಿಯ ಅಡುಗೆಮನೆಗಳಲ್ಲಿ ಬದುಕಿದವರಿಗೆ ಗೊತ್ತು. ನೆಲದ ಮೇಲೆ ಮಣ್ಣಿನ ಒಲೆ, ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಊದುವ ಹೆಂಗಸು, ನಲವತ್ತಕ್ಕೇ ಮಂಜಾಗುವ ಕಣ್ಣು. ಒಲೆಯನ್ನು ಸೊಂಟದೆತ್ತರಕ್ಕೆ ಎತ್ತಿ, ಗೋಡೆಗೆ ಕಿಟಕಿ ಇಡಿ, ಬಚ್ಚಲ ನೀರನ್ನು ಬಾವಿಯಿಂದ ದೂರ ಹರಿಸಿ ಎಂದು ತಿಂಗಳು ತಿಂಗಳೂ ಚಿತ್ರ ಬರೆದು ತೋರಿಸಿದವನು ಅವನು. ಸುಮೆದಾಂಗಿನ ಒಬ್ಬ ಮುದುಕಿ ಮೊಮ್ಮಗಳ ಕೈಯಲ್ಲಿ ಕಾಗದ ಬರೆಸಿದ್ದಳು: ನಿನ್ನಿಂದ ನನ್ನ ಬೆನ್ನು ನೆಟ್ಟಗಾಯಿತು ಮಗಾ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ. ಆ ಕಾಗದವನ್ನು ಅಣ್ಣ ಒಂದು ವಾರ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ.

ಆದರೆ ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಬೆಳಕು ಒಳ್ಳೆಯದು ಎಂದಮೇಲೆ ಕತ್ತಲೆಲ್ಲ ಕೆಟ್ಟದ್ದು. ಕಿಟಕಿಯಿಲ್ಲದ ಕೋಣೆ ಮನೆಯೊಳಗೆ ಸಾಕಿಕೊಂಡ ರೋಗ ಎಂದು ಬರೆದ. ಬರೆದು, ಅಂಥ ಕೋಣೆ ಎಲ್ಲಿದೆ ಎಂದು ಹುಡುಕಿದಾಗ ಅವನ ಕಣ್ಣಿಗೆ ಬಿದ್ದದ್ದು ಅಕ್ಕಿಕೋಣೆ.

ನಮ್ಮಲ್ಲಿ ಅಕ್ಕಿಕೋಣೆಗೆ ಗಂಡಸರು ಕಾಲಿಡುವುದಿಲ್ಲ. ಅಡುಗೆಮನೆಯ ಮಗ್ಗುಲಲ್ಲಿ ಬಿದಿರುತಟ್ಟಿಯ ಗೋಡೆ, ಒಂದೇ ತಗ್ಗು ಬಾಗಿಲು. ಒಳಗೆ ಅಕ್ಕಿ ತುಂಬಿಡುವ ಮಣ್ಣಿನ ವಾಡೆ, ಅಕ್ಕಿಯ ತಾಯಿ ಪೊಹಾಚಿಗೆ ಇಟ್ಟ ಬಾಚಣಿಗೆ, ಕನ್ನಡಿ, ಎಲೆಯಡಿಕೆ. ಗಂಡು ಒಳಗೆ ಹೋದರೆ ಅಕ್ಕಿಯ ಬರಕತ್ತು ಹೋಗುತ್ತದೆ ಎಂಬುದು ನಂಬಿಕೆ. ಐದು ಹೊತ್ತು ನಮಾಜು ಮಾಡುವ ಹಾಜಿಯೂ, ಪೊಹಾಚಿ ಎಂದರೆ ನಗುವ ಸ್ಕೂಲುಮೇಷ್ಟರೂ ಅಕ್ಕಿ ಬೇಕಾದಾಗ ಹೊರಗೇ ನಿಂತು ಹೆಂಡತಿಯನ್ನು ಕೂಗುತ್ತಾರೆ. ಒಳಗೆ ಏನಿದೆ ಎಂದು ಗಂಡಸರು ಕೇಳುವುದಿಲ್ಲ, ಹೆಂಗಸರು ಹೇಳುವುದಿಲ್ಲ.

ಹೇಳದೆ ಉಳಿದ ಸಂಗತಿ ಒಂದಿತ್ತು. ಅಕ್ಕನನ್ನು ಅವಳ ಗಂಡ ವಿರಾಂತಾ ಹೊಡೆಯುತ್ತಿದ್ದ. ಅವನು ಗಾರುತ್ ಕಡೆಯ ಒಂದು ಚಹಾತೋಟದಲ್ಲಿ ಗುಮಾಸ್ತ, ನಾಲ್ಕು ಜನರ ನಡುವೆ ಬಲು ನಯವಾದ ಮನುಷ್ಯ. ಅವನ ಸಿಟ್ಟು ಎರಡು ದಿನದ್ದು. ಮೂರನೆಯ ದಿನ ತಾನೇ ಅತ್ತು, ಕಾಲು ಹಿಡಿದು, ಮತ್ತೆ ನಾಲ್ಕಾರು ತಿಂಗಳು ಬೆಲ್ಲದ ಹಾಗಿರುತ್ತಿದ್ದ. ಆ ಎರಡು ದಿನ ಅಕ್ಕ ಅವನ ಕೈಗೆ ಸಿಗಬಾರದು, ಅಷ್ಟೇ. ಬೇರೆ ಯಾರ ಮನೆಗೆ ಹೋದರೂ ನನ್ನ ಹೆಂಡತಿ, ಕಳಿಸಿ ಎಂದರೆ ಕಳಿಸಲೇಬೇಕು. ತವರಿನಲ್ಲೂ ಅಕ್ಕಿಕೋಣೆಯೊಂದನ್ನು ಬಿಟ್ಟರೆ ಅಳಿಯನಿಗೆ ಯಾವ ಕೋಣೆಗೂ ತಡೆಯಿಲ್ಲ. ಹಾಗಾಗಿ ಅವಳು ರೈಲು ಹತ್ತಿ ಚಿಚಲೆಂಗ್ಕಾಗೆ, ಅಂಬುವಿನ ಮನೆಗೆ ಬಂದು, ನೆಟ್ಟಗೆ ಅಕ್ಕಿಕೋಣೆಗೆ ಹೋಗಿ ಕೂರುತ್ತಿದ್ದಳು. ಅಂಬು ಎಂದರೆ ನಮ್ಮ ತಾಯಿ. ವಿರಾಂತಾ ಹಿಂದೆಯೇ ಬಂದು ಜಗಲಿಯಲ್ಲಿ ಕೂತು, ಅಂಬು ಕೊಟ್ಟ ಕಾಫಿ ಕುಡಿದು, ಲವಂಗದ ಸಿಗರೇಟು ಸುಡುತ್ತಿದ್ದ. ಎರಡು ದಿನ ಹೀಗೆ ಕಳೆದು ಅವನ ಸಿಟ್ಟಿಳಿದ ಮೇಲೆ ಊರಿನ ಹಿರಿಯರನ್ನು ಕರೆಸಿ ಮಾತಾಡಿಸಿ ಅಂಬು ಮಗಳನ್ನು ಕಳಿಸಿಕೊಡುತ್ತಿದ್ದಳು. ನಾಲ್ಕು ವರ್ಷದಲ್ಲಿ ಏಳು ಸಲ ಹಾಗಾಯಿತು. ಅಕ್ಕ ಪ್ರತಿ ಸಲವೂ ಹಿಂದಿರುಗಿದ್ದು ಮಗಳಿಗಾಗಿ. ಮಗುವನ್ನು ಅತ್ತೆ ತನ್ನ ಹತ್ತಿರವೇ ಇಟ್ಟುಕೊಂಡಿರುತ್ತಿದ್ದಳು.

ಇದು ಅಣ್ಣನಿಗೆ ಗೊತ್ತಿರಲಿಲ್ಲ. ವಿರಾಂತಾ ಅವನ ಜೊತೆ ಓದಿದವನು, ಸಂಬಂಧ ತಂದವನೂ ಅಣ್ಣನೇ. ಅವನಿಗೆ ತಿಳಿದರೆ ಜಗಳವಾಗುತ್ತದೆ, ಜಗಳವಾದರೆ ವಿರಾಂತಾ ಮಗುವನ್ನಿಟ್ಟುಕೊಂಡು ತನಗೆ ತಲಾಖ್ ಕೊಡುತ್ತಾನೆ ಎಂದು ಅಕ್ಕ ಹೆದರಿದ್ದಳು. ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು ಆಣೆ ಮಾಡಿಸಿಕೊಂಡಿದ್ದಳು. ಅಕ್ಕ ಅಕ್ಕಿ ಕೇರಲು ಬಂದಿದ್ದಾಳೆ ಎಂದು ನಾವು ಅಣ್ಣನಿಗೆ ಹೇಳುತ್ತಿದ್ದೆವು. ಎಲ್ಲಿಗೇ ಹೋದರೂ ಗೋಡೆಯ ಬಿರುಕನ್ನು ಮೊದಲು ನೋಡುವ ಆ ಮಹಾಶಯ ಅಕ್ಕನ ಮುಖವನ್ನು ನೆಟ್ಟಗೆ ಒಮ್ಮೆಯೂ ನೋಡಲಿಲ್ಲ.

ಪತ್ರಿಕೆಗೆ ಆರು ವರ್ಷ ತುಂಬಿದ್ದಕ್ಕೆ ವಿಶೇಷ ಸಂಚಿಕೆ ತರುವುದೆಂದಾಯಿತು. ಹಳೆಯ ಮನೆಯೊಂದನ್ನು ಹೊಸದು ಮಾಡಿ, ಮೊದಲಿನದು ಆಮೇಲಿನದು ಎರಡೂ ಫೋಟೋ ಹಾಕೋಣ ಎಂದರು ಸಂಪಾದಕರು. ಯಾರ ಮನೆ ಎಂದು ಕೇಳಿದ್ದಕ್ಕೆ ಅಣ್ಣ ಒಂದು ಕ್ಷಣವೂ ತಡೆಯದೆ, ನಮ್ಮ ತಾಯಿಯ ಮನೆ, ಊರಿಗೆ ಬುದ್ಧಿ ಹೇಳುವವನು ಮೊದಲು ತನ್ನ ಮನೆಯಲ್ಲಿ ಮಾಡಿ ತೋರಿಸಬೇಕು ಎಂದ. ಆ ಮಾತು ಕೇಳಿ ನನಗೂ ಹೆಮ್ಮೆಯಾಯಿತು. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಮುಂದಿನ ಶನಿವಾರ ಅಳತೆಗೆಂದು ಹೋದೆವು. ಜಗಲಿ, ನಡುಮನೆ, ಅಡುಗೆಮನೆ ಎಲ್ಲವನ್ನೂ ಅವನೇ ಅಳೆದ. ಅಕ್ಕಿಕೋಣೆಯ ಬಾಗಿಲಿಗೆ ಬಂದು ನಿಂತುಬಿಟ್ಟ. ಮೂಢನಂಬಿಕೆಯ ಮೇಲೆ ಅಷ್ಟು ಬರೆದವನಿಗೆ ಆ ಹೊಸ್ತಿಲು ದಾಟಲು ಕಾಲು ಬರಲಿಲ್ಲ. ಅಳತೆಪಟ್ಟಿಯನ್ನು ನನ್ನ ಕೈಗೆ ಕೊಟ್ಟು, ನೀನೇ ಒಳಗೆ ಹೋಗಿ ಕೂಗಿ ಹೇಳು, ನಾನು ಇಲ್ಲಿಂದ ಬರೆದುಕೊಳ್ಳುತ್ತೇನೆ ಎಂದ. ಹೋದೆ. ಅಕ್ಕ ಕೂರುತ್ತಿದ್ದ ಚಾಪೆ ಮೂಲೆಯಲ್ಲಿ ಸುತ್ತಿಟ್ಟಿತ್ತು. ವಾಡೆಯ ಹಿಂದೆ ಅವಳದೊಂದು ಹಳೆಯ ಸೀರೆಬಟ್ಟೆ, ನೀರಿನ ಹೂಜಿ. ಉದ್ದ ಎರಡು ಮೀಟರು, ಅಗಲ ಒಂದೂವರೆ ಎಂದು ಕೂಗಿದೆ.

“ಕಿಟಕಿ?” ಅಂದ ಹೊರಗಿನಿಂದ.

“ಇಲ್ಲ.”

“ಇಷ್ಟು ಜಾಗದಲ್ಲಿ ನೀವೆಲ್ಲ ಏನ್ ಮಾಡ್ತೀರ ನೆಂಗ್? ಗಂಟೆಗಟ್ಟಲೆ ಅಲ್ಲೇ ಇರ್ತೀರಲ್ಲ.”

ಹೇಳಬೇಕಾದ ಗಳಿಗೆ ಅದು. ಅವನು ಕೇಳಿದ್ದ, ಯಾವ ಗಂಡಸೂ ಕೇಳದ್ದನ್ನು ಕೇಳಿದ್ದ. ಅಕ್ಕನ ತಲೆಯ ಮೇಲಿನ ಆಣೆ ಒಂದು ಕಡೆ, ನಮ್ಮ ಮನೆಯ ಮಾನ ಒಂದು ಕಡೆ. ನಿಜ ಹೇಳುವುದಾದರೆ ಅವನ ಉತ್ಸಾಹಕ್ಕೆ ತಣ್ಣೀರೆರಚಲು ನನಗೂ ಮನಸ್ಸಿರಲಿಲ್ಲ.

“ಏನಿಲ್ಲ ಕಾಂಗ್,” ಅಂದೆ. “ಅಕ್ಕಿ.”

ಅವನು ಬರೆದುಕೊಂಡ. ಆ ಲೇಖನವನ್ನು ಟೈಪು ಮಾಡಿದವಳು ನಾನೇ: ಮೂರು ಚದರ ಮೀಟರು ಜಾಗ, ಒಂದು ತಗಡಿನ ಡಬ್ಬದಲ್ಲಿ ಹಿಡಿಸುವ ಅಕ್ಕಿಗಾಗಿ ದಂಡ. ಹೊಸ ಮನೆಯಲ್ಲಿ ಯಾರೊಬ್ಬರೂ ಹೋಗಬಾರದ ಜಾಗ ಎಂಬುದು ಇರಬಾರದು. ಗಂಡನೂ ಅಡುಗೆಮನೆಗೆ ಬರಲಿ, ಹೆಂಡತಿಯ ಜೊತೆ ಮಾತಾಡಲಿ, ಸಂಸಾರ ಎಂದರೆ ಅದು.

ಅಕ್ಕಿಯನ್ನು ಹೊರಗೆ ಸಾಗಿಸಲು ಅಂಬು ಒಂದು ಒಳ್ಳೆಯ ವಾರ ಕೇಳಿದಳು, ಅಷ್ಟೇ. ಬೇಡ ಎನ್ನಲಿಲ್ಲ. ಅವತ್ತು ನಾವಿಬ್ಬರೇ ಒಳಗೆ ಮೊರದಲ್ಲಿ ಅಕ್ಕಿ ತುಂಬುತ್ತಿದ್ದಾಗ, ಅಕ್ಕ ಬಂದರೆ ಏನು ಗತಿ ಎಂದು ಕೇಳಿದೆ. ಅಂಬು ಕೈಯಲ್ಲಿದ್ದ ಮೊರವನ್ನು ಡಬ್ಬಕ್ಕೆ ಸುರಿದಳು.

“ಬರದೇ ಇರ್ಲಿ ಅಂತ ಕೇಳ್ಕೊಳ್ಳೋಣ,” ಅಂದಳು. “ಹೋದ ಸಲದಿಂದ ಅಳಿಯ ಸುಮ್ನಿದಾನಂತೆ. ಮಗ ಅಷ್ಟು ಜನರ ಮುಂದೆ ನಮ್ಮಮ್ಮನ ಮನೆ ಅಂದ್ಬಿಟ್ಟಿದಾನೆ. ಒಡೀಬೇಡ ಅಂದ್ರೆ ಯಾಕೆ ಅಂತಾನೆ. ಯಾಕೆ ಅಂದ್ರೆ ಏನ್ ಹೇಳ್ಲಿ? ವಿಯಾರ್ಸಿದು ಹೇಳ್ಲಾ, ನಂದು ಹೇಳ್ಲಾ?”

ಅವಳದು ಏನು ಎಂದು ನಾನು ಕೇಳಲಿಲ್ಲ, ಕೇಳದೆಯೇ ಹೇಳಿದಳು. ನಿಮ್ಮಪ್ಪ ಒಳ್ಳೆಯವರೇ, ಆದರೆ ಅವರೂ ಕೈ ಎತ್ತುತ್ತಿದ್ದರು, ನಾನೂ ಇಲ್ಲಿ ಕೂತವಳೇ ಎಂದಳು. ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ಅಣ್ಣನ ಮೇಜಿನ ಮೇಲೆ ಅವರದೊಂದು ಫೋಟೋ ಇರುತ್ತಿತ್ತು. ನುಂಗಲಾರದ ಬಿಸಿತುಪ್ಪ ಈಗ ಎರಡಾಯಿತು.

ಕೆಲಸದವರು ಬಂದರು. ಅವರೂ ಹಳ್ಳಿಯ ಗಂಡಸರು, ತಟ್ಟಿಗೆ ಕೈ ಹಾಕಲು ಹಿಂದೆಮುಂದೆ ನೋಡಿದರು. ಫೋಟೋದವನು ಕ್ಯಾಮೆರಾ ಹೂಡಿಕೊಂಡು ಕಾಯುತ್ತಿದ್ದ. ಆಗ ಅಣ್ಣ ನಗುತ್ತ, ಅಂಬುವೇ ಮೊದಲ ಕೈ ಹಾಕಲಿ, ಮನೆಯೊಡತಿಯ ಕೈಯಿಂದ ಶುರುವಾದರೆ ಯಾರಿಗೂ ದೋಷವಿಲ್ಲ ಎಂದ. ಅಂಬು ಸೆರಗು ಸರಿಮಾಡಿಕೊಂಡು ಬಂದಳು. ಒಂದು ಬಿದಿರ ಸೀಳನ್ನು ಹಿಡಿದು ಎಳೆದಳು. ಅದು ಬರಲಿಲ್ಲ, ಗಟ್ಟಿಯಾಗಿ ಹೆಣೆದಿತ್ತು, ಎರಡನೆಯ ಸಲ ಕಾಲು ಊರಿ ಎಳೆದಳು. ಆ ಫೋಟೋ ಮುಖಪುಟಕ್ಕೆ ಹೋಯಿತು. ಅದರಲ್ಲಿ ಅಂಬು ನಗುತ್ತಿರುವ ಹಾಗಿದೆ.

ಸಂಚಿಕೆ ಹತ್ತು ದಿನದಲ್ಲಿ ಮುಗಿದು ಮತ್ತೆ ಅಚ್ಚಾಯಿತು. ಗೆಳೆಯರಿಗೆಲ್ಲ ಅಣ್ಣ ತಾನೇ ಪ್ರತಿ ಕಳಿಸಿದ, ವಿರಾಂತಾನಿಗೂ ಒಂದು. ನನಗೆ ಆಗಲೂ ಹೊಳೆಯಲಿಲ್ಲ, ವಿಳಾಸ ಬರೆದುಕೊಟ್ಟವಳು ನಾನು.

ನೆರೆಹೊರೆಗೆ ಹಂಚಲೆಂದು ಹತ್ತು ಪ್ರತಿ ಹಿಡಿದುಕೊಂಡು ನಾನು ಅಂಬುವಿನ ಮನೆಯಲ್ಲಿದ್ದ ಒಂದು ಶನಿವಾರ ಬೆಳಿಗ್ಗೆ ಅಕ್ಕ ಬಂದಳು. ಮೇಲುವಸ್ತ್ರ ಇರಲಿಲ್ಲ, ಒಂದು ಕಿವಿ ಊದಿ ಕೆಂಪಾಗಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ, ನಾವು ಏನೂ ಕೇಳಲಿಲ್ಲ. ಅವಳೂ ನಮ್ಮನ್ನು ನೋಡದೆ ಎಂದಿನಂತೆ ನೆಟ್ಟಗೆ ಒಳಗೆ ನಡೆದು, ಬಾಗಿಲು ಇದ್ದ ಕಡೆ ಹೋಗಿ ನಿಂತಳು. ಅಲ್ಲಿ ಬಾಗಿಲಿರಲಿಲ್ಲ. ಅಡುಗೆಮನೆ ಒಂದೇ ಹರಹಿನಲ್ಲಿ ಬೀದಿಯ ಕಡೆಯ ಗಾಜಿನ ಕಿಟಕಿಯವರೆಗೂ ಹಬ್ಬಿತ್ತು. ಹೊಸ ಬಿಳಿ ಹಂಚಿನ ಕಟ್ಟೆಯ ಮೇಲೆ, ತಗಡಿನ ಅಕ್ಕಿಡಬ್ಬದ ಮೇಲೆ, ಅವಳ ಮೇಲೆ ಬಿಸಿಲು ಬಿದ್ದಿತ್ತು.

“ಎಲ್ಲಿ ಅಂಬು?” ಅಂದಳು.

ಅಂಬು ಒಳಗಿನಿಂದ ತನ್ನೊಂದು ಸೀರೆಬಟ್ಟೆ ತಂದು ಕಿಟಕಿಗೆ ಕಟ್ಟಲು ಹೊರಟಳು. ಪರದೆ ಬೆಳಕಿನ ಶತ್ರು ಎಂದು ಅಣ್ಣ ಮೊಳೆಯನ್ನೂ ಹೊಡೆಸಿರಲಿಲ್ಲ. ಬಟ್ಟೆ ಎರಡು ಸಲ ಜಾರಿ ಬಿತ್ತು. ಬಚ್ಚಲಲ್ಲಿ ಕೂರಿಸೋಣವೆ, ಪಕ್ಕದ ಮನೆಯ ಅಕ್ಕಿಕೋಣೆಯಲ್ಲಿ ಕೂರಿಸೋಣವೆ ಎಂದೆ. ಪಕ್ಕದ ಮನೆಯವರು ಹೋದ ವಾರವಷ್ಟೇ ನಮ್ಮದನ್ನು ನೋಡಿ ತಮ್ಮದನ್ನೂ ಒಡೆಸಿದ್ದರು. ಅಕ್ಕ ಹೊಸ ಒಲೆಕಟ್ಟೆಗೆ ಒರಗಿ ನೆಲದ ಮೇಲೆ ಕೂತಳು. ನಾವು ಮೂವರೂ ಮಧ್ಯಾಹ್ನದ ರೈಲಿನ ಕೂಗು ಕೇಳುವವರೆಗೆ ಹಾಗೇ ಇದ್ದೆವು.

ವಿರಾಂತಾ ಜಗಲಿಯಲ್ಲಿ ಚಪ್ಪಲಿ ಬಿಟ್ಟು, ಅಂಬುವಿನ ಕೈಯನ್ನು ಹಣೆಗೊತ್ತಿಕೊಂಡು ಕೂತ. ಅಂಬು ಕಾಫಿ ತಂದಿಟ್ಟಳು. ಅರ್ಧ ಲೋಟ ಕುಡಿದು ಎದ್ದವನೇ ಅಡುಗೆಮನೆಗೆ ನಡೆದು ಬಂದ. ಯಾವ ಆತುರವೂ ಇರಲಿಲ್ಲ.

“ನಡಿ ನೆಂಗ್, ಮನೆಗೆ ಹೋಗೋಣ.”

ಅಂಬು ಅಡ್ಡ ಬಂದಳು. “ಇವತ್ತೊಂದಿನ ಇರ್ಲಿ ಬಿಡಪ್ಪ. ನಾಳಿದ್ದು ನಾನೇ ಕರ್ಕೊಂಡು ಬಂದು ಬಿಡ್ತೀನಿ.”

“ಯಾಕಂಬು? ಮೊದಲಾದ್ರೆ ಪದ್ಧತಿ ಅಂತ ನಾನೂ ಸುಮ್ನೆ ಹೊರಗೆ ಕೂತಿರ್ತಿದ್ದೆ. ಈಗ ಗಂಡನೂ ಒಳಗೆ ಬರ್ಬೇಕು ಅಂತ ಕಾಂಗ್ ಅವರೇ ಬರೆದಿದಾರಲ್ಲ. ಓದ್ದೆ. ಚೆನ್ನಾಗಿ ಬರೀತಾರೆ.”

ಅವನು ಅಕ್ಕನ ಮಣಿಕಟ್ಟು ಹಿಡಿದ. ನಾನು ಪತ್ರಿಕೆಯ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದೆ. ಬಾಯಿ ಬಿಡಬಹುದಿತ್ತು, ಬೀದಿಯವರನ್ನು ಕೂಗಬಹುದಿತ್ತು, ಬಾಗಿಲಿಗೆ ಅಡ್ಡ ಮಲಗಬಹುದಿತ್ತು. ಏನೂ ಮಾಡಲಿಲ್ಲ. ಹೊರಡುವಾಗ ಅಕ್ಕ ಒಮ್ಮೆ ತಿರುಗಿ, “ಒಲೆ ಎತ್ತರ ಚೆನ್ನಾಗಿದೆ ನೆಂಗ್. ಅಂಬು ಬೆನ್ನಿಗೆ ಅನುಕೂಲ ಆಯ್ತು,” ಅಂದಳು. ಕೊಂಕು ಮಾತಲ್ಲ ಅದು. ನಿಜವಾಗಿಯೇ ಹಾಗನ್ನಿಸಿ ಹೇಳಿದಳು. ಅದಕ್ಕೇ ನನಗೆ ಅದನ್ನು ಇವತ್ತಿಗೂ ತಡೆಯಲಾಗುವುದಿಲ್ಲ.

ಭಾನುವಾರ ಸಂಜೆ ಅವಳು ಸತ್ತಳು. ಬಾವಿಕಟ್ಟೆಯಲ್ಲಿ ಜಾರಿ ಬಿದ್ದಳು ಎಂದು ಸೋಮವಾರ ಬೆಳಿಗ್ಗೆ ಹೇಳಿಕಳಿಸಿದರು.

ಅವಳ ಮೈ ತೊಳೆದವರು ಅಂಬು, ನಾನು, ಇಬ್ಬರು ಚಿಕ್ಕಮ್ಮಂದಿರು. ಹಿತ್ತಲಲ್ಲಿ ನಾಲ್ಕು ಕಡೆ ಬಟ್ಟೆ ಕಟ್ಟಿ ಮರೆ ಮಾಡಿದ್ದರು. ಬಾವಿಕಟ್ಟೆಯಲ್ಲಿ ಜಾರಿದವಳ ಬೆನ್ನಿನ ಮೇಲೆ, ಕತ್ತಿನ ಮೇಲೆ ಏನೇನಿರಬಾರದೋ ಅದೆಲ್ಲ ಇತ್ತು. ಅಂಬು ಅಳಲಿಲ್ಲ. ಬಿಸಿನೀರು ಹೆಚ್ಚಾಯಿತೇನೋ, ಇನ್ನೊಂದು ತಂಬಿಗೆ ತಣ್ಣೀರು ಬೆರೆಸು ಎಂದು ಮೆಲ್ಲಗೆ ಹೇಳುತ್ತಿದ್ದಳು, ಬಾಣಂತಿಗೆ ನೀರು ಹಾಕುವವಳ ಹಾಗೆ.

ಹೊರಗೆ ಬಂದು ನೋಡಿದರೆ ಅಣ್ಣ ಅಳುತ್ತ ನಿಂತಿದ್ದ. ಅವನ ಒಂದು ಕೈ ವಿರಾಂತಾನ ಹೆಗಲ ಮೇಲಿತ್ತು, ಸಮಾಧಾನ ಮಾಡುತ್ತಿದ್ದ. ನನ್ನನ್ನು ಕಂಡು ಪಕ್ಕಕ್ಕೆ ಬಂದ.

“ಬಾವಿ ಸುತ್ತ ಪಾಚಿ ಕಟ್ಟಿತ್ತಂತೆ ನೆಂಗ್. ನೆಲ ಸ್ವಲ್ಪ ಇಳಿಜಾರು ಮಾಡಿದ್ರೆ ನೀರು ನಿಲ್ತಿರ್ಲಿಲ್ಲ. ನಾನು ಒಂದ್ಸಲ ಬಂದು ನೋಡ್ಬೇಕಿತ್ತು.”

“ಪಾಚೀಲಿ ಜಾರಿದ್ರೆ ಕತ್ತಿನ ಮೇಲೆ ಬೆರಳಿನ ಗುರುತು ಬೀಳಲ್ಲ ಕಾಂಗ್,” ಅಂದೆ.

ಆಮೇಲೆ ಎಲ್ಲ ಹೇಳಿದೆ. ಏಳು ಸಲ ಬಂದದ್ದು, ಅಕ್ಕಿಕೋಣೆಯ ಚಾಪೆ, ಎರಡು ದಿನದ ಸಿಟ್ಟು, ಶನಿವಾರದ ಕಾಫಿ. ಅಪ್ಪನ ವಿಷಯವನ್ನೂ ಬಿಡಲಿಲ್ಲ. ಅಳತೆಪಟ್ಟಿ ಹಿಡಿದು ಒಳಗೆ ನಿಂತಾಗ ನೀವು ಕೇಳಿದಿರಿ, ನಾನು ಸುಳ್ಳು ಹೇಳಿದೆ ಎಂದೆ. ನನ್ನ ಕೈಯಿಂದ ಇನ್ನೂ ಕರ್ಪೂರದ ನೀರು ತೊಟ್ಟಿಕ್ಕುತ್ತಿತ್ತು. ಅವನು ನನ್ನನ್ನು ಬೈಯಲಿಲ್ಲ, ವಿರಾಂತಾನ ಮೇಲೆ ಬೀಳಲೂ ಇಲ್ಲ. ಅಲ್ಲೇ ಕುಕ್ಕರಿಸಿದ.

ಪೊಲೀಸರಿಗೆ ದೂರು ಕೊಟ್ಟ. ಊರಿನ ಮುಖಂಡ ವಿರಾಂತಾನ ಚಿಕ್ಕಪ್ಪ. ಬಾವಿ, ಪಾಚಿ, ಕಾಲು ಜಾರಿ ಎಂದು ಬರೆದು ಕಾಗದ ಮುಚ್ಚಿದರು. ಮೈ ತೊಳೆದ ಹೆಂಗಸರ ಮಾತು ಸಾಕ್ಷಿಯಲ್ಲವಂತೆ. ಮಗುವನ್ನು ಅವರು ಕೊಡಲಿಲ್ಲ. ಅಣ್ಣ ಅಂಬುವಿನ ಕಾಲಿಗೆ ಬಿದ್ದು ಹೊರಳಾಡಿದಾಗ ಅವಳು ಅವನನ್ನು ಎಬ್ಬಿಸಿ, ಸುಟ್ಟ ಒಣಮೀನು, ಅನ್ನ ಹಾಕಿ, ಉಣ್ಣು ಎಂದಳು. ಒಂದು ಮಾತು ಬೈದಿದ್ದರೆ ಅವನಿಗೆ ಸ್ವಲ್ಪವಾದರೂ ಹಗುರವಾಗುತ್ತಿತ್ತು ಎನಿಸಿತು.

ಮೂರು ತಿಂಗಳು ಅಣ್ಣ ಒಂದು ಸಾಲೂ ಹೇಳಲಿಲ್ಲ. ಸಂಪಾದಕರು ಹಳೆಯ ಲೇಖನಗಳನ್ನೇ ಮತ್ತೆ ಹಾಕಿದರು. ವಿಶೇಷ ಸಂಚಿಕೆಗೆ ಕಾಗದಗಳು ಮಾತ್ರ ಚೀಲ ಚೀಲ ಬರುತ್ತಲೇ ಇದ್ದವು. ನಾವೂ ಒಡೆಸಿದೆವು, ನಮ್ಮ ತಾಯಿಯ ಕೈಯಿಂದಲೇ ಶುರು ಮಾಡಿಸಿದೆವು ಎಂದು ಫೋಟೋ ಸಮೇತ. ನಾನು ಒಂದೊಂದನ್ನೂ ಬಿಚ್ಚಿ, ಓದಿ, ಅವನಿಗೆ ತೋರಿಸದೆ ಕಟ್ಟಿಡುತ್ತಿದ್ದೆ. ಅವುಗಳ ನಡುವೆ ಇದೊಂದು ಇತ್ತು. ಸ್ಕೂಲು ಪುಸ್ತಕದ ಹಾಳೆ, ಪೆನ್ಸಿಲಿನ ಅಕ್ಷರ, ಊರಿನ ಹೆಸರಿಲ್ಲ, ಅಂಚೆಯ ಮುದ್ರೆ ಅಳಿಸಿಹೋಗಿತ್ತು. ಇದನ್ನು ಕಟ್ಟಿಡಲು ಆಗಲಿಲ್ಲ. ಅಣ್ಣನ ಮುಂದೆ ನಿಂತು ಓದಿದೆ.

‘ಸಾಹೇಬರಿಗೆ ಸಲಾಂ. ನಿಮ್ಮ ಲೇಖನ ನೋಡಿ ನಮ್ಮ ಯಜಮಾನರು ಅಕ್ಕಿಕೋಣೆ ಒಡೆಸಿದರು. ಅಡುಗೆಮನೆ ಬಹಳ ಬೆಳಕಾಗಿದೆ. ಹೊಗೆಯೂ ಕಡಿಮೆ. ಒಂದು ಮಾತು ಕೇಳಬೇಕಿತ್ತು. ಹೊಸ ಮನೆಯಲ್ಲಿ ಹೆಂಗಸರಿಗೆ ಸ್ವಲ್ಪ ಹೊತ್ತು ಇರಬೇಕಾಗಿ ಬಂದರೆ ಎಲ್ಲಿ ಇರಬೇಕು? ಮುಂದಿನ ಸಂಚಿಕೆಯಲ್ಲಿ ತಿಳಿಸಿ. ಹೆಸರು ಹಾಕಿಲ್ಲ, ತಪ್ಪು ತಿಳಿಯಬೇಡಿ.’

ಅಣ್ಣ ಕಾಗದ ಇಸಿದುಕೊಂಡು ತಾನೇ ಎರಡು ಸಲ ಓದಿದ. ಆಮೇಲೆ ಎದ್ದು, ಟೈಪು ಮಾಡು ಎಂದ. ಈ ಸಲ ನಡೆಯಲಿಲ್ಲ, ನನ್ನ ಎದುರು ಕೂತು ನಿಧಾನವಾಗಿ ಹೇಳಿದ. ನಾನು ತಪ್ಪು ಬರೆದಿದ್ದೆ ಎಂದು ಶುರುಮಾಡಿದ. ಒಡೆಯದೆ ಉಳಿದಿದ್ದರೆ ಒಡೆಯಬೇಡಿ, ಒಡೆದಿದ್ದರೆ ಮತ್ತೆ ಕಟ್ಟಿ ಎಂದ. ಅಗಳಿ ಯಾವ ಮರದ್ದಿರಬೇಕು, ಎಷ್ಟು ದಪ್ಪ, ಬಾಗಿಲು ಒಳಕ್ಕೆ ತೆರೆಯಬೇಕೋ ಹೊರಕ್ಕೋ, ಉಸಿರಾಡಲು ಗಾಳಿ ಎಲ್ಲಿಂದ ಬರಬೇಕು ಎಲ್ಲ ಹೇಳಿ, ನಕ್ಷೆಯನ್ನೂ ಬರೆದ. ಯಾಕೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದ, ಅಕ್ಕನ ಹೆಸರು ಹೇಳಿದ, ತನ್ನ ಹೆಸರು ಹೇಳಿದ. ಆರು ವರ್ಷದಲ್ಲಿ ಅವನು ಬರೆದದ್ದರಲ್ಲೆಲ್ಲ ಅದೇ ಒಳ್ಳೆಯದು. ಟೈಪು ಮುಗಿಸಿ ನಾನು ಅದನ್ನು ಅಚ್ಚಿಗೆ ಹೋಗುವ ಲಕೋಟೆಗೆ ಹಾಕುವಾಗ ಅವನು ಕೈ ಚಾಚಿ ಹಿಡಿದುಕೊಂಡ.

“ಬೇಡ ನೆಂಗ್.”

ಯಾಕೆ ಎಂದೆ.

“ಪತ್ರಿಕೆ ಅವಳ ಕೈಗೆ ಹೋಗೋಕೆ ಮುಂಚೆ ಅವಳ ಗಂಡನ ಕೈಗೆ ಹೋಗತ್ತೆ. ಆ ಕೋಣೆ ಯಾಕೆ ಬೇಕು ಅಂತಾನೂ, ಕೇಳಿದೋಳು ಯಾರು ಅಂತಾನೂ ಅವನಿಗೆ ಗೊತ್ತಾಗತ್ತೆ.”

ಬೇರೆ ಯಾವ ದಾರಿಯಿಂದ ಅವಳಿಗೆ ಉತ್ತರ ಮುಟ್ಟಿಸಬಹುದು ಎಂದು ಇಬ್ಬರೂ ತುಂಬ ಹೊತ್ತು ಯೋಚಿಸಿದೆವು. ಊರು ಗೊತ್ತಿಲ್ಲ, ಹೆಸರು ಗೊತ್ತಿಲ್ಲ. ಆ ತಿಂಗಳೂ ಅಂಕಣ ಬರಲಿಲ್ಲ, ಆಮೇಲೆ ಎಂದೂ ಬರಲಿಲ್ಲ. ಅವಳು ಮಾತ್ರ ಸಂಚಿಕೆ ಬಂದ ದಿನ ಯಾರೂ ಇಲ್ಲದ ಹೊತ್ತು ನೋಡಿ ಪುಟ ಪುಟವೂ ತಿರುವಿ ಹುಡುಕಿರುತ್ತಾಳೆ.